ಕೊಂಬೆಗಳ ಮರೆಯ ದೀಪ

ಉದ್ಯಾನದ ಹಿಂಬದಿಯ ಕಾಲುದಾರಿ ಕತ್ತಲಾಗಿದೆ ಎಂದು ನಮ್ಮ ಬಡಾವಣೆಯ ನಿವಾಸಿಗಳು ಪೊಲೀಸ್ ಠಾಣೆಗೂ ಸ್ಥಳೀಯ ಸಂಸ್ಥೆಗೂ ಬೇರೆ ಬೇರೆಯಾಗಿ ಬರೆದ ಅರ್ಜಿಗಳಿಗೆ ಬಂದ ಎರಡು ಉತ್ತರಗಳನ್ನು ನಾನು ಇನ್ನೂ ಜೋಪಾನವಾಗಿ ಇಟ್ಟುಕೊಂಡಿದ್ದೇನೆ. ಆ ದಾರಿಯಲ್ಲಿ ಸಂಜೆಯ ನಂತರ ಎರಡು ಬಾರಿ ಮಹಿಳೆಯರ ಕೈಚೀಲ ಕಸಿದುಕೊಳ್ಳಲಾಗಿದ್ದು, ಸ್ಥಳದಲ್ಲಿ ಬೆಳಕಿಲ್ಲದಿರುವುದು ಮುಖ್ಯ ಕಾರಣವೆಂದು ಠಾಣೆಯವರು ಬರೆದಿದ್ದರು. ಅದೇ ದಾರಿಯ ಏಳೂ ದೀಪಗಳು ಸುಸ್ಥಿತಿಯಲ್ಲಿವೆ ಎಂದು ಬೀದಿದೀಪ ವಿಭಾಗದವರು ಬರೆದಿದ್ದರು. ಇಬ್ಬರಲ್ಲಿ ಒಬ್ಬರು ಸ್ಥಳಕ್ಕೆ ಹೋಗಿಯೇ ಇಲ್ಲವೆಂದು ನಾವೆಲ್ಲ ನಂಬಿದ್ದೆವು.

ಹಲವು ಸುತ್ತಿನ ಓಡಾಟದ ನಂತರ ಒಂದು ಸಂಜೆ ಬೀಟ್ ಪೊಲೀಸರು, ಬೀದಿದೀಪ ವಿಭಾಗದ ಲೈನ್‌ಮನ್, ಬೆಳಗಿನ ಜಾವ ಆ ದಾರಿಯನ್ನು ಗುಡಿಸುವ ಪೌರಕಾರ್ಮಿಕ ಮಹಿಳೆ ಮತ್ತು ನಿವಾಸಿಗಳ ಪರವಾಗಿ ನಾವು ಮೂವರು ಒಟ್ಟಾಗಿ ಅಲ್ಲಿ ನಡೆದೆವು. ಏಳೂ ದೀಪಗಳು ಉರಿಯುತ್ತಿದ್ದವು. ಆದರೆ ನಾಲ್ಕನೆಯ ಕಂಬದಿಂದ ಆರನೆಯ ಕಂಬದವರೆಗೆ ಕೊಂಬೆಗಳು ಇಳಿಬಿದ್ದು ದೀಪಗಳನ್ನು ಮುಚ್ಚಿಕೊಂಡಿದ್ದರಿಂದ, ಮರಗಳು ಒಳಗಿನಿಂದ ಹಸಿರಾಗಿ ಹೊಳೆಯುತ್ತಿದ್ದವೇ ಹೊರತು ಕೆಳಗೆ ನಡೆಯುತ್ತಿದ್ದ ನಮಗೆ ನಮ್ಮ ಕಾಲೇ ಕಾಣುತ್ತಿರಲಿಲ್ಲ. ಎರಡೂ ಉತ್ತರಗಳು ನಿಜವಾಗಿದ್ದವು. ಕೊಂಬೆ ಕತ್ತರಿಸುವುದು ತೋಟಗಾರಿಕೆ ವಿಭಾಗದ ಕೆಲಸ, ಮತ್ತು ಆ ವಿಭಾಗಕ್ಕೆ ಅರ್ಜಿ ಕೊಡಬೇಕೆಂದು ನಮಗಾಗಲಿ ಆ ಎರಡು ಕಚೇರಿಗಳಿಗಾಗಲಿ ಹೊಳೆದಿರಲಿಲ್ಲ.

ಅಷ್ಟರಲ್ಲಿ ಪೌರಕಾರ್ಮಿಕ ಮಹಿಳೆ ಐದನೆಯ ಕಂಬದ ಹತ್ತಿರ ನಿಂತು, ಉದ್ಯಾನದ ಗೋಡೆ ಕುಸಿದಿದ್ದ ಜಾಗವನ್ನು ಕೈಯಿಂದ ತೋರಿಸಿದರು. “ಇಲ್ಲಿಂದಲೇ ಒಳಗೆ ಹೋಗೋದು ಸರ್, ದಿನಾ ಬಾಟ್ಲಿ ಚೂರು ಇಲ್ಲೇ ಸಿಗುತ್ತೆ” ಎಂದರು. ಬೀಟ್ ಪೊಲೀಸರು ಟಾರ್ಚ್ ಹಿಡಿದು ಗೋಡೆಯಾಚೆ ನೋಡಿ, ಕಂಬದ ಸಂಖ್ಯೆಯನ್ನು ತಮ್ಮ ಪುಸ್ತಕದಲ್ಲಿ ಬರೆದುಕೊಂಡರು. ಚೀಲ ಕಸಿದವರು ಉದ್ದನೆಯ ದಾರಿಯ ಎರಡು ತುದಿಗಳಲ್ಲಿ ಯಾರ ಕಣ್ಣಿಗೂ ಬೀಳದೆ ಹೇಗೆ ಮರೆಯಾದರು ಎಂಬ ಪ್ರಶ್ನೆಗೆ ಠಾಣೆಯಲ್ಲಿ ಅಲ್ಲಿಯವರೆಗೆ ಉತ್ತರ ಸಿಕ್ಕಿರಲಿಲ್ಲ. ಉತ್ತರ ತಿಳಿದಿದ್ದವರನ್ನು ಯಾರೂ ಕೇಳಿರಲಿಲ್ಲ.

ಆ ಸಂಜೆಯ ನಂತರ ಈ ವಿಷಯವನ್ನು ನಾನು ಓದುತ್ತಲೇ ಬಂದಿದ್ದೇನೆ. ಸಾರ್ವಜನಿಕ ಸುರಕ್ಷತೆ ಎಂದಕೂಡಲೇ ನಮ್ಮ ಮನಸ್ಸು ಪೊಲೀಸರ ಕಡೆಗೆ ಹೋಗುತ್ತದೆ. ಆದರೆ ದೀಪ, ಮರ, ಗೋಡೆ, ಪಾಳು ಕಟ್ಟಡ, ಬಸ್ ತಂಗುದಾಣ, ಸಾರ್ವಜನಿಕ ಶೌಚಾಲಯ, ಮದ್ಯದಂಗಡಿಯ ಪರವಾನಗಿ, ಇವುಗಳಲ್ಲಿ ಯಾವುದೂ ಸಾಮಾನ್ಯವಾಗಿ ಪೊಲೀಸರ ಕೈಯಲ್ಲಿಲ್ಲ. ಎಲ್ಲಿ, ಯಾವ ಹೊತ್ತಿನಲ್ಲಿ, ಹೇಗೆ ಅಪರಾಧ ನಡೆಯುತ್ತದೆ ಎಂಬ ಮಾಹಿತಿ ಒಂದು ಕಚೇರಿಯಲ್ಲಿದೆ. ಆ ಜಾಗವನ್ನು ಬದಲಿಸುವ ಅಧಿಕಾರವೂ ಹಣವೂ ಇನ್ನೊಂದು ಕಚೇರಿಯಲ್ಲಿವೆ. ಆ ಮಾಹಿತಿ ಈ ಅಧಿಕಾರವಿರುವ ಮೇಜಿಗೆ ತಲುಪದಿದ್ದರೆ ಎಷ್ಟು ಗಸ್ತು ಹೆಚ್ಚಿಸಿದರೂ ಕತ್ತಲು ಇದ್ದಲ್ಲೇ ಇರುತ್ತದೆ.

ಇದಕ್ಕೆ ನನಗೆ ಸಿಕ್ಕ ಅತ್ಯಂತ ಮನಮುಟ್ಟುವ ಉದಾಹರಣೆ ಇಂಗ್ಲೆಂಡಿನ ರಾಚ್‌ಡೇಲ್ ಪಟ್ಟಣದ ಕರ್ಕ್‌ಹೋಲ್ಟ್ ಬಡಾವಣೆಯದು. ಸ್ಥಳೀಯ ಸಂಸ್ಥೆಯೇ ಕಟ್ಟಿಸಿ ಬಾಡಿಗೆಗೆ ಕೊಟ್ಟಿದ್ದ, ಎರಡು ಸಾವಿರಕ್ಕೂ ಹೆಚ್ಚು ಮನೆಗಳಿದ್ದ ಆ ಬಡಾವಣೆಯಲ್ಲಿ 1980ರ ದಶಕದ ಮಧ್ಯಭಾಗದಲ್ಲಿ ಮನೆಗಳ್ಳತನ ಮಿತಿಮೀರಿತ್ತು. ಪೊಲೀಸರು ಮತ್ತು ಸಂಶೋಧಕರು ಸೇರಿ ಕಳ್ಳತನವಾದ ಮನೆಯವರನ್ನು, ಅಕ್ಕಪಕ್ಕದವರನ್ನು, ಶಿಕ್ಷೆಗೊಳಗಾಗಿದ್ದ ಕಳ್ಳರನ್ನೂ ಕೂರಿಸಿಕೊಂಡು ವಿಚಾರಿಸಿದಾಗ ಎರಡು ಸಂಗತಿಗಳು ಹೊರಬಂದವು. ಮೊದಲನೆಯದು, ಆ ಮನೆಗಳಲ್ಲಿ ನಾಣ್ಯ ಹಾಕಿದರೆ ಮಾತ್ರ ವಿದ್ಯುತ್ತು ಮತ್ತು ಅನಿಲ ಕೊಡುವ ಮೀಟರುಗಳಿದ್ದವು. ಅಂದರೆ ಬಡವರ ಮನೆಯಲ್ಲೂ ಒಂದು ಹಣದ ಪೆಟ್ಟಿಗೆ ಗೋಡೆಗೆ ಅಂಟಿಕೊಂಡೇ ಇತ್ತು, ಮತ್ತು ಕಳ್ಳರಿಗೆ ಅದು ಚೆನ್ನಾಗಿ ಗೊತ್ತಿತ್ತು. ಎರಡನೆಯದು, ಒಮ್ಮೆ ಕಳ್ಳತನವಾದ ಮನೆಯಲ್ಲಿ ಮತ್ತೆ ಕಳ್ಳತನವಾಗುವ ಸಂಭವ ಉಳಿದ ಮನೆಗಳಿಗಿಂತ ಬಹಳ ಹೆಚ್ಚಾಗಿತ್ತು.

ಮೀಟರು ಬದಲಿಸುವುದು ಪೊಲೀಸರ ಕೆಲಸವಲ್ಲ, ಬಾಗಿಲಿನ ಚಿಲಕ ಗಟ್ಟಿ ಮಾಡುವುದು ವಿದ್ಯುತ್ ಮಂಡಳಿಯ ಕೆಲಸವಲ್ಲ. ಆದ್ದರಿಂದಲೇ ಎಲ್ಲರೂ ಒಂದೇ ಯೋಜನೆಯೊಳಗೆ ಬರಬೇಕಾಯಿತು. ನಾಣ್ಯದ ಮೀಟರುಗಳನ್ನು ತೆಗೆಸಿದರು, ಕಳ್ಳತನವಾದ ಮನೆಗಳ ಬಾಗಿಲು ಕಿಟಕಿಗಳನ್ನು ಭದ್ರಪಡಿಸಿದರು, ಅಂಥ ಪ್ರತಿ ಮನೆಯ ಸುತ್ತಲಿನ ಐದಾರು ಮನೆಯವರು ಅದರ ಮೇಲೆ ಕಣ್ಣಿಡಲು ಒಪ್ಪಿದರು. ಯೋಜನೆ ಆರಂಭವಾದ ಐದು ತಿಂಗಳೊಳಗೆ ಮನೆಗಳ್ಳತನ ಮೊದಲಿದ್ದುದರ ಶೇಕಡ 40ಕ್ಕೆ ಇಳಿಯಿತು. ಕಳ್ಳತನವಾದ ಮನೆಯ ಯಜಮಾನಿಗೆ “ದೂರು ದಾಖಲಿಸಿಕೊಂಡಿದ್ದೇವೆ” ಎಂಬ ಮಾತಿಗಿಂತ ಮಾರನೆಯ ದಿನ ಬಾಗಿಲಿಗೆ ಬಂದ ಬಡಗಿ ಎಷ್ಟು ಹೆಚ್ಚು ಧೈರ್ಯ ಕೊಟ್ಟಿರಬೇಕು ಎಂದು ನಾನು ಆಗಾಗ ಯೋಚಿಸುತ್ತೇನೆ.

1991ರಲ್ಲಿ ಬ್ರಿಟನ್ನಿನ ಗೃಹ ಇಲಾಖೆಯ ಕಾರ್ಯತಂಡವೊಂದು ಕೊಟ್ಟ ಮಾರ್ಗನ್ ವರದಿ, ಅಪರಾಧ ತಡೆ ಕೇವಲ ಪೊಲೀಸರ ಹೊಣೆಯೆಂಬ ಭಾವನೆಯಿಂದ ಹೊರಬರಬೇಕೆಂದೂ ಸ್ಥಳೀಯ ಸಂಸ್ಥೆಗಳಿಗೆ ಅದರಲ್ಲಿ ಕಾನೂನುಬದ್ಧ ಪಾಲು ಇರಬೇಕೆಂದೂ ಹೇಳಿತು. 1998ರ ಅಪರಾಧ ಮತ್ತು ಅವ್ಯವಸ್ಥೆ ಕಾಯಿದೆಯ ಮೂಲಕ ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಅದು ಜಾರಿಗೆ ಬಂತು. ಆ ಕಾಯಿದೆಯ 17ನೆಯ ಸೆಕ್ಷನ್ ನನಗೆ ಬಹಳ ಮುಖ್ಯವೆನಿಸುತ್ತದೆ. ಸ್ಥಳೀಯ ಸಂಸ್ಥೆ ತಾನು ಮಾಡುವ ಪ್ರತಿಯೊಂದು ಕೆಲಸದಲ್ಲೂ, ಅದು ಉದ್ಯಾನವಾಗಲಿ ವಸತಿಯಾಗಲಿ ಶಾಲೆಯಾಗಲಿ, ಅದರಿಂದ ಅಪರಾಧ ಹೆಚ್ಚುತ್ತದೆಯೇ ಕಡಿಮೆಯಾಗುತ್ತದೆಯೇ ಎಂಬುದನ್ನು ಗಮನಿಸಿ ಅದನ್ನು ತಡೆಯಲು ತನ್ನಿಂದಾದುದನ್ನು ಮಾಡಬೇಕೆಂದು ಅದು ವಿಧಿಸುತ್ತದೆ. ಇದರಿಂದ ಕೊಂಬೆ ಕತ್ತರಿಸುವ ವಿಭಾಗವೂ ಸುರಕ್ಷತೆಯ ಲೆಕ್ಕದೊಳಗೆ ಬರುತ್ತದೆ.

ಆದರೆ ಕಾನೂನು ಬಂದ ಮಾತ್ರಕ್ಕೆ ಕಡತಗಳು ಪರಸ್ಪರ ಮಾತಾಡುವುದಿಲ್ಲ. 2007ರಲ್ಲಿ ಅದೇ ದೇಶದ ಲೆಸ್ಟರ್‌ಶೈರ್‌ನಲ್ಲಿ, ಹುಡುಗರ ಗುಂಪೊಂದು ವರ್ಷಗಟ್ಟಲೆ ಮನೆಗೆ ಕಲ್ಲೆಸೆದು, ಹೀಯಾಳಿಸಿ ಕೊಟ್ಟ ಕಾಟವನ್ನು ತಾಳಲಾರದೆ ಒಬ್ಬ ತಾಯಿ ಮತ್ತು ಅವರ ಅಂಗವಿಕಲ ಮಗಳು ಪ್ರಾಣ ಕಳೆದುಕೊಂಡರು. ಆ ತಾಯಿ ಪೊಲೀಸರಿಗೆ 33 ಬಾರಿ ಕರೆ ಮಾಡಿದ್ದರು. ಪ್ರತಿ ಕರೆಯೂ ಒಂದು ಸಣ್ಣ ತಂಟೆಯಾಗಿ ಬೇರೆ ಬೇರೆಯಾಗಿ ದಾಖಲಾಯಿತೇ ವಿನಾ ಅವೆಲ್ಲ ಒಂದೇ ಮನೆಯ ಸಂಕಟವೆಂದು ಕಾಣಬೇಕಾದವರಿಗೆ ಕಾಣಲಿಲ್ಲ. 2009ರ ವಿಚಾರಣೆಯಲ್ಲಿ ಪೊಲೀಸರು ಮಾತ್ರವಲ್ಲದೆ ಸ್ಥಳೀಯ ಸಂಸ್ಥೆಗಳೂ ಮಾಹಿತಿ ಹಂಚಿಕೊಳ್ಳದಿದ್ದುದಕ್ಕೆ ಟೀಕೆಗೊಳಗಾದವು. ಈ ಪ್ರಕರಣವನ್ನು ಓದಿದ ದಿನ ನನಗೆ ಬೇರೆ ಕೆಲಸ ಮಾಡಲಾಗಲಿಲ್ಲ. ಮುಂದೆ 2014ರ ಸಮಾಜವಿರೋಧಿ ನಡವಳಿಕೆ, ಅಪರಾಧ ಮತ್ತು ಪೊಲೀಸ್ ಕಾಯಿದೆಯಲ್ಲಿ, ಪದೇ ಪದೇ ದೂರಿದರೂ ಪರಿಹಾರ ಸಿಗದ ವ್ಯಕ್ತಿ ಎಲ್ಲ ಇಲಾಖೆಗಳನ್ನು ಒಟ್ಟಿಗೆ ಕೂರಿಸಿ ತನ್ನ ಪ್ರಕರಣವನ್ನು ಮರುಪರಿಶೀಲಿಸುವಂತೆ ಕೇಳುವ ಹಕ್ಕನ್ನು ಕೊಡಲಾಯಿತು. ಆರು ತಿಂಗಳಲ್ಲಿ ಮೂರು ದೂರುಗಳಾಗಿದ್ದರೆ ಸಾಕು. ಅದಕ್ಕಿಂತ ಕಠಿಣವಾದ ಷರತ್ತನ್ನು ಸ್ಥಳೀಯವಾಗಿ ಹಾಕುವಂತಿಲ್ಲ.

ಮಾಹಿತಿ ಹಂಚಿಕೆ ಎಂದರೆ ಜನರ ಹೆಸರು, ವಿಳಾಸಗಳನ್ನೆಲ್ಲ ಕಚೇರಿಯಿಂದ ಕಚೇರಿಗೆ ಕಳುಹಿಸುವುದೆಂದು ಕೆಲವರು ಅಂಜುತ್ತಾರೆ. ಆ ಅಂಜಿಕೆ ನ್ಯಾಯವಾದುದೇ. ವೇಲ್ಸ್‌ನ ಕಾರ್ಡಿಫ್ ನಗರದಲ್ಲಿ ಜೊನಾಥನ್ ಶೆಫರ್ಡ್ ಎಂಬ ಶಸ್ತ್ರವೈದ್ಯರು ಇದಕ್ಕೆ ಒಳ್ಳೆಯ ದಾರಿ ತೋರಿಸಿದರು. ಹೊಡೆದಾಟದಲ್ಲಿ ಗಾಯಗೊಂಡು ಆಸ್ಪತ್ರೆಗೆ ಬರುವ ಅನೇಕರ ವಿಷಯ ಪೊಲೀಸರಿಗೆ ತಿಳಿಯುವುದೇ ಇಲ್ಲವೆಂದು ಕಂಡುಕೊಂಡ ಅವರು, ಗಾಯಾಳುವಿನ ಹೆಸರು ಬಿಟ್ಟು, ಎಲ್ಲಿ, ಯಾವಾಗ, ಯಾವ ವಸ್ತುವಿನಿಂದ ಪೆಟ್ಟಾಯಿತು ಎಂಬುದನ್ನಷ್ಟೇ ಪೊಲೀಸರಿಗೂ ಸ್ಥಳೀಯ ಸಂಸ್ಥೆಗೂ ತಲುಪಿಸುವ ವ್ಯವಸ್ಥೆ ಮಾಡಿದರು. 2011ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ, ಹಿಂಸೆಯಿಂದಾಗಿ ಆಸ್ಪತ್ರೆಗೆ ದಾಖಲಾಗುವವರ ಪ್ರಮಾಣ ಹೋಲಿಕೆಯ ನಗರಗಳಿಗಿಂತ ಅಲ್ಲಿ ಶೇಕಡ 42ರಷ್ಟು ಕಡಿಮೆಯಾಯಿತು.

ಪೊಲೀಸರೂ ಸ್ಥಳೀಯ ಸಂಸ್ಥೆಯೂ ಕೈಜೋಡಿಸಿದಾಗ ಬರುವ ಬಲ ಯಾರ ಮೇಲೆ ಬೀಳುತ್ತದೆ ಎಂಬುದನ್ನೂ ನೋಡಬೇಕು. ಬ್ರಿಟನ್ನಿನ ಅದೇ 2014ರ ಕಾಯಿದೆ ಅವಕಾಶ ಕೊಟ್ಟ, ಸಾರ್ವಜನಿಕ ಸ್ಥಳಗಳಲ್ಲಿ ಕೆಲವು ನಡವಳಿಕೆಗಳನ್ನು ನಿಷೇಧಿಸುವ ಆದೇಶಗಳನ್ನು ಕೆಲವು ಸ್ಥಳೀಯ ಸಂಸ್ಥೆಗಳು ಬೀದಿಯಲ್ಲಿ ಮಲಗುವವರ ಮೇಲೆ ಪ್ರಯೋಗಿಸಿದಾಗ ಪ್ರತಿಭಟನೆಗಳಾದವು, ಮತ್ತು 2017ರಲ್ಲಿ ಸರ್ಕಾರವೇ ಮಾರ್ಗಸೂಚಿ ತಿದ್ದಿ, ಮನೆಯಿಲ್ಲದವರನ್ನು ಆ ಕಾರಣಕ್ಕಾಗಿಯೇ ಗುರಿ ಮಾಡಬಾರದೆಂದು ಹೇಳಬೇಕಾಯಿತು. ನಮ್ಮ ಸಭೆಯಲ್ಲೂ ಒಬ್ಬರು, ಗೋಡೆಯ ಬಳಿ ರಾತ್ರಿ ಮಲಗುವ ವೃದ್ಧರನ್ನು ಮೊದಲು ಎಬ್ಬಿಸಿ ಕಳುಹಿಸಬೇಕೆಂದು ಸೂಚಿಸಿದರು. ಅದನ್ನು ನಾನು ಬಲವಾಗಿ ವಿರೋಧಿಸಿದೆ. ಚೀಲ ಕಸಿದ ಪ್ರಕರಣಗಳಿಗೂ ಆ ವೃದ್ಧರಿಗೂ ಸಂಬಂಧವಿದೆಯೆಂದು ಪೊಲೀಸರು ಎಲ್ಲೂ ಹೇಳಿರಲಿಲ್ಲ.

ಈಗ ಕೊಂಬೆಗಳನ್ನು ಕತ್ತರಿಸಿದ್ದಾರೆ, ಗೋಡೆಯ ದುರಸ್ತಿ ಇನ್ನೂ ಅಂದಾಜುಪಟ್ಟಿಯ ಹಂತದಲ್ಲಿದೆ. ತಿಂಗಳಿಗೊಮ್ಮೆ ಠಾಣೆಯವರೂ ಸ್ಥಳೀಯ ಸಂಸ್ಥೆಯವರೂ ನಮ್ಮೊಂದಿಗೆ ಕುಳಿತು, ಹಿಂದಿನ ಸಭೆಯ ನಡಾವಳಿಯನ್ನು ಮುಂದಿಟ್ಟುಕೊಂಡು, ಯಾವ ಕೆಲಸ ಯಾರ ಹೆಸರಿನಲ್ಲಿ ಬಾಕಿಯಿದೆ ಎಂಬುದನ್ನು ಓದುತ್ತಾರೆ. ಆದರೆ ಸಭೆ ನಡೆಯುವುದು ಬೆಳಿಗ್ಗೆ ಹನ್ನೊಂದಕ್ಕೆ. ಆ ಹೊತ್ತಿನಲ್ಲಿ ನಮಗೆ ಗೋಡೆಯ ಬಿರುಕನ್ನು ತೋರಿಸಿದ ಪೌರಕಾರ್ಮಿಕ ಮಹಿಳೆ ಬೇರೊಂದು ಬೀದಿಯಲ್ಲಿ ಕೆಲಸದಲ್ಲಿರುತ್ತಾರೆ. ಅವರ ಪಾಳಿ ಮುಗಿಯುವ ಹೊತ್ತಿಗೆ ಸಭೆಯನ್ನು ಮುಂದೂಡಬೇಕು ಮತ್ತು ಸಭೆಗೆ ಬಂದ ಸಮಯವನ್ನೂ ಅವರ ಹಾಜರಿಗೆ ಸೇರಿಸಬೇಕು ಎಂದು ಕಳೆದ ವಾರ ಅರ್ಜಿ ಬರೆದಿದ್ದೇವೆ. ಎರಡೂ ಕಚೇರಿಗಳಿಗೆ ಒಂದೇ ಅರ್ಜಿ ಕೊಟ್ಟಿದ್ದೇವೆ, ತೋಟಗಾರಿಕೆ ವಿಭಾಗಕ್ಕೂ ಒಂದು ಪ್ರತಿ ಹೋಗಿದೆ.