ಒಂಬತ್ತು ಎಂಎಂ ತೋಟಾ ಮತ್ತು ಅಜ್ಜನ ಬೆರಳಳತೆ

ಅಕ್ಟೋಬರ್ 1, 2025

ಇವತ್ತು ಆಯುಧಪೂಜೆ. ಗ್ಯಾರೇಜಿನಲ್ಲಿರುವ, ತೋಟಾ ತುಂಬಿಕೊಳ್ಳುವ ರೀಲೋಡಿಂಗ್ ಪ್ರೆಸ್‌ಗೆ ಅರಿಶಿನ ಕುಂಕುಮ ಹಚ್ಚಿ, ಒಂದು ಚೆಂಡು ಹೂವಿಟ್ಟೆ. ಕ್ಯಾಲಿಪರ್‌ಗೂ ತಕ್ಕಡಿಗೂ ಒಂದೊಂದು ಬೊಟ್ಟು. ಇದ್ದ ಒಂದೇ ನಿಂಬೆಹಣ್ಣು ಮಾತ್ರ ಕಾರಿಗೆ ಹೋಯಿತು. ಮನೆಯವಳ ಆಜ್ಞೆ.

ಅಮೆರಿಕದ ಫೀನಿಕ್ಸ್‌ಗೆ ಬಂದು ತುಂಬಾ ವರ್ಷವಾಯಿತು. ಎಚ್-1ಬಿ ವೀಸಾ ಇದ್ದಷ್ಟು ದಿನ ಇದರ ಹತ್ತಿರ ಸುಳಿಯಲಿಲ್ಲ. ಅಂಥ ವೀಸಾದವರು ಬಂದೂಕು, ತೋಟಾ ಇಟ್ಟುಕೊಳ್ಳುವುದನ್ನು ಇಲ್ಲಿನ ಕಾನೂನು ತಡೆಯುತ್ತದೆ, ಬೇಟೆ ಲೈಸೆನ್ಸ್‌ನಂಥ ಕೆಲವು ವಿನಾಯಿತಿ ಬಿಟ್ಟರೆ. ಗ್ರೀನ್ ಕಾರ್ಡ್ ಕೈಗೆ ಬಂದ ಮೇಲೇ ಶುರು. ಸ್ವಂತ ಬಳಕೆಗೆ ತೋಟಾ ತುಂಬಿಕೊಳ್ಳಲು ಇಲ್ಲಿ ಫೆಡರಲ್ ಲೈಸೆನ್ಸ್ ಬೇಡ, ಮಾರಲು ಬೇಕು. ಊರಲ್ಲಿ ಓದುತ್ತಿರುವವರು ಇದನ್ನು ಮಾಡಲು ಹೋಗಬೇಡಿ. 1959ರ ಆಯುಧ ಕಾಯ್ದೆಯಲ್ಲಿ ಲೈಸೆನ್ಸ್ ಇಲ್ಲದೆ ತೋಟಾ ತಯಾರಿಸುವುದು ಅಪರಾಧ. 9 ಎಂಎಂ ಅಂತೂ ಅಲ್ಲಿ ನಿಷೇಧಿತ ಬೋರ್ (ನಳಿಗೆಯ ಒಳ ಅಳತೆ).

ಈ ಚಳಿಗಾಲದ ಕೆಲಸ ಇದು: ಮೂರು ಥರದ ಬುಲೆಟ್ (ತೋಟಾದ ತುದಿಯಿಂದ ಹಾರುವ ಗುಂಡು), ತೋಟಾದ ಹಿತ್ತಾಳೆ ಕೇಸಿನೊಳಗೆ ಅದನ್ನು ಕೂರಿಸುವ ಬೇರೆ ಬೇರೆ ಆಳ, ಒಂದೇ ಪಿಸ್ತೂಲು. 124 ಗ್ರೇನ್ ದುಂಡು ಮೂತಿ, 124 ಗ್ರೇನ್ ಹಾಲೋ ಪಾಯಿಂಟ್ (ಮೂತಿಯಲ್ಲಿ ಕುಳಿ ಇರುವುದು), 147 ಗ್ರೇನ್ ಚಪ್ಪಟೆ ಮೂತಿ. (15.43 ಗ್ರೇನ್ ಅಂದರೆ ಒಂದು ಗ್ರಾಂ. 124 ಅಂದರೆ ಸುಮಾರು 8 ಗ್ರಾಂ.)

ಅಕ್ಟೋಬರ್ 11

ಮಲೆನಾಡಿನ ನಮ್ಮಜ್ಜನ ಹತ್ತಿರ ಕೇಪಿನ ಕೋವಿ ಇತ್ತು. ಮದ್ದು ಸುರಿದು, ತೆಂಗಿನ ನಾರು ತುರುಕಿ, ಚರೆ ಹಾಕಿ, ಮೇಲೆ ಮತ್ತೆ ನಾರು ಜಡಿಯುತ್ತಿದ್ದರು. ಆಮೇಲೆ ಸರಳನ್ನು ನಳಿಗೆಯೊಳಗೆ ಬಿಟ್ಟು, ಹೊರಗೆ ಎಷ್ಟು ಬೆರಳು ಉಳಿಯಿತು ಅಂತ ನೋಡುತ್ತಿದ್ದರು. ನಾನು ಸಣ್ಣವನಿದ್ದಾಗ ಅದೊಂದು ಶಾಸ್ತ್ರ ಅಂದುಕೊಂಡಿದ್ದೆ. ಈಗ ನೋಡಿದರೆ ನಾನು ಗ್ಯಾರೇಜಿನಲ್ಲಿ ಮಾಡುತ್ತಿರುವುದೂ ಅದೇ. ಮದ್ದಿನ ಮೇಲೆ ಎಷ್ಟು ಜಾಗ ಉಳಿಯಿತು ಅನ್ನೋದೇ ಪ್ರಶ್ನೆ. ಬೆರಳಿನ ಬದಲು ಇಂಚಿನ ಸಾವಿರದಲ್ಲೊಂದು ಭಾಗ, ಇಲ್ಲಿಯವರ ಬಾಯಲ್ಲಿ 'ಥೌ'.

ಇವತ್ತು ಗುಂಡು ಹಾರಿಸಲಿಲ್ಲ, ಬರೀ ಅಳತೆ. ಪಿಸ್ತೂಲಿನಿಂದ ನಳಿಗೆ ಬಿಚ್ಚಿ, ಮದ್ದೂ ಅದಕ್ಕೆ ಕಿಡಿ ಹೊತ್ತಿಸುವ ಪ್ರೈಮರೂ ಇಲ್ಲದ ಡಮ್ಮಿ ತೋಟಾವನ್ನು ಅದರೊಳಗೆ ಬಿಡುವುದು. 'ಟಣ್' ಅಂತ ಕೂರಬೇಕು, ಬೆರಳಲ್ಲಿ ತಿರುಗಿಸಿದರೆ ಸಲೀಸಾಗಿ ತಿರುಗಬೇಕು, ನಳಿಗೆ ಮಗುಚಿದರೆ ತಾನೇ ಬೀಳಬೇಕು. ತಿರುಗದಿದ್ದರೆ ಬುಲೆಟ್ಟಿನ ಭುಜ ಒಳಗಿನ ರೈಫ್ಲಿಂಗ್ ಗೆರೆಗೆ ತಾಗುತ್ತಿದೆ ಅಂತ ಅರ್ಥ.

9 ಎಂಎಂ ತೋಟಾದ ಒಟ್ಟು ಉದ್ದ ಜಾಸ್ತಿ ಅಂದರೆ 1.169 ಇಂಚು. ದುಂಡು ಮೂತಿ 1.165ಕ್ಕೂ ಆರಾಮಾಗಿ ಕೂತಿತು. ಹಾಲೋ ಪಾಯಿಂಟ್ ಮಾತ್ರ 1.130ಕ್ಕೇ ಸಿಕ್ಕಿಹಾಕಿಕೊಂಡಿತು. ಐದೈದು ಥೌ ಒಳಗೆ ತಳ್ಳುತ್ತಾ ಹೋದೆ. 1.090ಕ್ಕೆ ಬಿಡಿಸಿಕೊಂಡಿತು. ಇನ್ನು 15 ಥೌ ಅಂತರ ಕೊಟ್ಟು 1.075 ಅಂತ ಗುರುತು ಹಾಕಿಕೊಂಡೆ. 147ರದ್ದು 1.110.

ನನ್ನ ತಲೆ ತಿರುಗಿದ್ದು ಇಲ್ಲಿ. ಎಲ್ಲರೂ ಒಟ್ಟು ಉದ್ದದ ಬಗ್ಗೆಯೇ ಮಾತಾಡುತ್ತಾರೆ. ಆದರೆ ಮದ್ದಿಗೆ ಆ ಉದ್ದ ಕಟ್ಟಿಕೊಂಡು ಏನಾಗಬೇಕು? ಅದಕ್ಕೆ ಗೊತ್ತಾಗುವುದು ಬುಲೆಟ್ ಕೇಸಿನೊಳಗೆ ಎಷ್ಟು ಇಳಿದಿದೆ ಅನ್ನೋದು ಮಾತ್ರ. ಲೆಕ್ಕ ಸುಲಭ: ಕೇಸಿನ ಉದ್ದಕ್ಕೆ ಬುಲೆಟ್ಟಿನ ಉದ್ದ ಕೂಡಿಸಿ, ಒಟ್ಟು ಉದ್ದ ಕಳೆಯಿರಿ. ನನ್ನ ಕೇಸುಗಳು ಸರಾಸರಿ 0.750. ದುಂಡು ಮೂತಿಯ ಬುಲೆಟ್ 0.600. 1.150ಕ್ಕೆ ಕೂರಿಸಿದರೆ ಒಳಗಿರುವುದು 0.200. ಹಾಲೋ ಪಾಯಿಂಟ್ 0.570 ಇದ್ದು, 1.075ಕ್ಕೆ ಕೂರಿಸಿದರೆ ಒಳಗೆ 0.245. 147 ಅಂತೂ 0.660 ಉದ್ದ, ಒಳಗೆ 0.300!

ಎರಡೂ 124 ಗ್ರೇನೇ ತಾನೆ, ಒಂದರ ಮದ್ದನ್ನೇ ಇನ್ನೊಂದಕ್ಕೂ ಹಾಕೋಣ ಅಂದುಕೊಂಡರೆ ಕೆಟ್ಟೆವು. 9 ಎಂಎಂ ಕೇಸು ಮೊದಲೇ ಚಿಕ್ಕದು. ಒಳಗಿನ ಜಾಗ ಸ್ವಲ್ಪ ಕಡಿಮೆಯಾದರೂ ಒತ್ತಡ ಸರ್ರನೆ ಏರುತ್ತದೆ, ಮಿತಿ ಇರುವುದು 35,000 ಪಿಎಸ್‌ಐ. ನನ್ನ ಮದ್ದಿನ ತೂಕ ಇಲ್ಲಿ ಬರೆಯುತ್ತಿಲ್ಲ, ಕೇಳಬೇಡಿ. ಆಯಾ ಬುಲೆಟ್ಟಿಗೆ ಕೈಪಿಡಿಯಲ್ಲಿ ಕೊಟ್ಟ ಆರಂಭದ ತೂಕದಿಂದಲೇ ಶುರು ಮಾಡುವುದು ನನ್ನ ಪದ್ಧತಿ.

ಅಕ್ಟೋಬರ್ 25

ಬೆಳಿಗ್ಗೆ ಬೇಗ ಬೆನ್ ಎವೆರಿ ರೇಂಜಿಗೆ ಹೋದೆ. ಫೀನಿಕ್ಸ್ ಉತ್ತರಕ್ಕೆ ಇರುವ ಸರ್ಕಾರಿ ರೇಂಜ್, ಅರಿಜೋನಾದ ಗೇಮ್ ಅಂಡ್ ಫಿಶ್ ಇಲಾಖೆಯದು. 25 ಗಜ ದೂರ, ಮರಳು ಚೀಲದ ಮೇಲೆ ಕೈ. ಇವತ್ತು ದುಂಡು ಮೂತಿ ಮಾತ್ರ. ಮದ್ದು ಒಂದೇ ಅಳತೆ, ಆಳ ಮೂರು, ಹತ್ತತ್ತು ತೋಟಾ.

1.150: ಸರಾಸರಿ ಸೆಕೆಂಡಿಗೆ 1,019 ಅಡಿ
1.135: 1,028
1.120: 1,041

ಅಂದರೆ 30 ಥೌ ಒಳಗೆ ತಳ್ಳಿದ್ದಕ್ಕೆ 22 ಅಡಿ ವೇಗ ಹೆಚ್ಚಿತು. ಮದ್ದು ಒಂದು ಕಾಳೂ ಹೆಚ್ಚಿಲ್ಲ. ಈ ವೇಗ ಪುಕ್ಕಟೆ ಬಂದದ್ದಲ್ಲ, ಒತ್ತಡದಿಂದ ಬಂದದ್ದು. ಯುಎಸ್‌ಪಿಎಸ್‌ಎ (ಅಮೆರಿಕದ ಪಿಸ್ತೂಲು ಶೂಟಿಂಗ್ ಸಂಘ) ಪಂದ್ಯದಲ್ಲಿ ಮೈನರ್ ಅನ್ನೋ ಕೆಳಗಿನ ದರ್ಜೆಗೆ ಪವರ್ ಫ್ಯಾಕ್ಟರ್ 125 ಇರಬೇಕು: ಬುಲೆಟ್ ತೂಕ ಇಂಟು ವೇಗ, ಭಾಗಿಸು ಸಾವಿರ. 1.150ರಲ್ಲಿ 126.4 ಬಂತು. ಪಾಸು, ಆದರೆ ಜಸ್ಟ್ ಪಾಸು. ಚಳಿಯ ದಿನ ಇದು ಕೈಕೊಡಬಹುದು.

ಗುರಿಯ ಕಥೆ ಕೇಳಿ. ಮೊದಲ ಐದೈದು ಗುಂಡು ಹಾಳೆಯ ಮೇಲೆ ಹರಡಿದ ಅಗಲ, ಮೇಲಿನ ಕ್ರಮದಲ್ಲೇ: 2.1 ಇಂಚು, 3.4, 2.6. ಆಹಾ, 1.150 ಗೆದ್ದಿತು ಅಂತ ಒಳಗೊಳಗೇ ಕುಣಿದೆ. ಉಳಿದ ಐದೈದು ಹೊಡೆದಾಗ ಬಂದದ್ದು: 3.2, 2.3, 2.9. ಕುಣಿತ ನಿಂತಿತು. ಐದು ಗುಂಡಿನ ಗುಂಪು ನೋಡಿ ತೀರ್ಪು ಕೊಡುವುದು ಎರಡು ಓವರ್ ನೋಡಿ ಟೆಸ್ಟ್ ಮ್ಯಾಚ್ ಫಲಿತಾಂಶ ಹೇಳಿದ ಹಾಗೆ. ನನ್ನ ಕೈ ಅಲುಗಾಟ ಆ 15 ಥೌಗಿಂತ ದೊಡ್ಡದು, ಒಪ್ಪಿಕೊಳ್ಳೋಣ.

ನವೆಂಬರ್ 8

ಹಾಲೋ ಪಾಯಿಂಟ್ ಇಪ್ಪತ್ತು ತುಂಬಿದೆ, ಉದ್ದ ಅಳೆದೆ. 1.068 ಒಂದು, 1.081 ಇನ್ನೊಂದು. ಪ್ರೆಸ್ ಸಡಿಲವಾಗಿದೆಯಾ ಅಂತ ಒಂದು ಗಂಟೆ ಬೋಲ್ಟ್ ಬಿಗಿದಿದ್ದೇ ಬಂತು. ತಪ್ಪು ನನ್ನದೇ. ಬುಲೆಟ್ಟನ್ನು ಕೇಸಿಗೆ ಕೂರಿಸುವ ಸೀಟಿಂಗ್ ಡೈ ಒಳಗೆ ದುಂಡು ಮೂತಿಗೆ ಹಾಕಿದ್ದ ಕುಳಿಯ ಸ್ಟೆಮ್ (ಮೂತಿಯನ್ನು ಒತ್ತುವ ಕಡ್ಡಿ) ಹಾಗೇ ಇತ್ತು. ಅದು ಹಾಲೋ ಪಾಯಿಂಟಿನ ತುಟಿಯನ್ನು ಒಂದೊಂದು ಸಲ ಒಂದೊಂದು ಕಡೆ ಅಮುಕುತ್ತಿತ್ತು. ಚಪ್ಪಟೆ ಸ್ಟೆಮ್ ಹಾಕಿದೆ, ವ್ಯತ್ಯಾಸ ಎರಡು ಥೌಗೆ ಇಳಿಯಿತು. ಆ ಇಪ್ಪತ್ತನ್ನು ಹಾರಿಸುವುದಿಲ್ಲ, ಡಬ್ಬಿಗೆ ಕೆಂಪು ಟೇಪು.

ಆಮೇಲೆ ಹೆಬ್ಬೆರಳ ಪರೀಕ್ಷೆ. ಪ್ರತಿ ಬ್ಯಾಚಿನಲ್ಲೂ ಒಂದು ಡಮ್ಮಿಯ ಮೂತಿಯನ್ನು ಮೇಜಿಗೆ ಒತ್ತಿ ಹಿಡಿದು ಮತ್ತೆ ಅಳೆಯುತ್ತೇನೆ. ಮ್ಯಾಗಜಿನ್‌ನಿಂದ ನಳಿಗೆಗೆ ನುಗ್ಗುವಾಗ ಬುಲೆಟ್ ಒಳಗೆ ಜಾರಿದರೆ ಇಷ್ಟೆಲ್ಲಾ ಲೆಕ್ಕ ನೀರುಪಾಲು. ಒಂದು ಥೌ ಕೂಡ ಅಲುಗಲಿಲ್ಲ. ಕ್ರಿಂಪ್ (ಕೇಸಿನ ಬಾಯಿಯನ್ನು ಬುಲೆಟ್ ಮೇಲೆ ಅಮುಕುವುದು) ಬಿಗಿ ಮಾಡಿದರೆ ಹಿಡಿತ ಹೆಚ್ಚುತ್ತದೆ ಅಂತ ಕೆಲವರು ಹೇಳುತ್ತಾರೆ, ನಾನು ಒಪ್ಪಲ್ಲ. 9 ಎಂಎಂ ತೋಟಾ ನಳಿಗೆಯೊಳಗೆ ನಿಲ್ಲುವುದೇ ಕೇಸಿನ ಬಾಯಿಯ ಅಂಚಿನ ಮೇಲೆ. ಬಾಯಿ ತೀರಾ ಒಳಗೆ ಮಡಚಿದರೆ ನಿಲ್ಲುವುದಕ್ಕೇ ಅಂಚಿಲ್ಲ. ಬಾಯಿ 0.379 ಬಂದರೆ ನನಗೆ ಸಾಕು.

ನವೆಂಬರ್ 22

ಹಾಲೋ ಪಾಯಿಂಟನ್ನೂ 147ನ್ನೂ ಹತ್ತತ್ತರ ಗುಂಪಿನಲ್ಲಿ ಹೊಡೆದೆ. ಹಾಲೋ ಪಾಯಿಂಟ್ 1.075ರಲ್ಲಿ 1,036 ಅಡಿ, ಹತ್ತೂ ಸೇರಿ 2.2 ಇಂಚು. ಎರಡನೇ ಹತ್ತು 2.4. ಇದನ್ನು ನಂಬಬಹುದು. ಅಕ್ಟೋಬರಿನ ಆಳದ ಆಟಕ್ಕಿಂತ ಬುಲೆಟ್ ಬದಲಾಯಿಸಿದ್ದೇ ಹೆಚ್ಚು ಕೆಲಸ ಮಾಡಿತು.

147 ಹೊಡೆಯಲು ಹಿತ. 884 ಅಡಿ ವೇಗ, ಪವರ್ ಫ್ಯಾಕ್ಟರ್ 129.9, ಪಿಸ್ತೂಲು ಒದೆಯುವ ಬದಲು ಮೆಲ್ಲಗೆ ತಳ್ಳಿದ ಹಾಗೆ. ಗುಂಪು 2.5. ಆದರೆ ತುಂಬಿದ ಐವತ್ತರಲ್ಲಿ ಏಳು ತೋಟಾ ಕೇಸ್ ಗೇಜಿನಲ್ಲಿ (ತೋಟಾದ ಅಳತೆ ಸರಿಯಿದೆಯಾ ಅಂತ ನೋಡುವ ಅಚ್ಚು) ಕೂರಲಿಲ್ಲ, ಹೊಟ್ಟೆ ಉಬ್ಬಿತ್ತು. ಕೇಸಿನ ಗೋಡೆ ಬುಡದ ಕಡೆ ದಪ್ಪವಾಗುತ್ತದೆ. 0.300 ಒಳಗಿಳಿದ ಉದ್ದ ಬುಲೆಟ್ಟಿನ ಹಿಂಭಾಗ ಆ ದಪ್ಪದೊಳಗೆ ತೂರಿ, ಗೋಡೆಯನ್ನು ಹೊರಗೆ ತಳ್ಳಿತ್ತು. ಏಳರಲ್ಲಿ ಆರು ಒಂದೇ ಮುದ್ರೆಯ ಕೇಸು. ರೇಂಜಿನಲ್ಲಿ ಆಯ್ದು ತಂದ ಬೆರಕೆ ಕೇಸುಗಳನ್ನು 147ಕ್ಕೆ ಬಳಸಬಾರದು ಅಂತ ಗೊತ್ತಾಯಿತು. ಬಕೆಟ್ಟಿನ ಕೇಸುಗಳ ತಳದ ಮುದ್ರೆ ನೋಡಿ ವಿಂಗಡಿಸುವ ಕೆಲಸವನ್ನು ಮಗನಿಗೆ ವಹಿಸಿದೆ. ನೂರಕ್ಕೆ ಒಂದು ಡಾಲರ್ ಅಂದಿದ್ದೆ, ಎರಡು ಕೇಳಿದ.

ಮುಂದಿನ ಸಲ ಹಾಲೋ ಪಾಯಿಂಟನ್ನು 1.075 ಮತ್ತು 1.065ರಲ್ಲಿ, ಇಪ್ಪತ್ತಿಪ್ಪತ್ತು. ಕಡಿಮೆ ಉದ್ದದ್ದಕ್ಕೆ ಮದ್ದು ಮತ್ತೆ ಕೆಳಗಿನಿಂದ. ಅದಕ್ಕೂ ಮೊದಲು ಕೆಂಪು ಟೇಪಿನ ಇಪ್ಪತ್ತು, ಹೊಟ್ಟೆ ಉಬ್ಬಿದ ಏಳು, ಒಟ್ಟು ಇಪ್ಪತ್ತೇಳು ತೋಟಾ ಬಿಚ್ಚಬೇಕು. ಗುಂಡು ಕೀಳುವ ಸುತ್ತಿಗೆ ಬಡಿದರೆ ಮನೆಯೆಲ್ಲಾ ಕೇಳುತ್ತದೆ. ಮನೆಯವಳು ಭಾನುವಾರದ ನಿದ್ದೆ ಮುಗಿಸಿ ಏಳುವ ತನಕ ಕಾಯಬೇಕು.