ಈ ಫಿರಂಗಿ ಸಾಮಾನು ಅಸಲಿಯಾ?

ಗುಂಡಿನ ವ್ಯಾಸ ಅಳೆಯುವ ಎರಡು ಕಾಲಿನ ಸಾಧನ, ಅಂದರೆ ಹಿತ್ತಾಳೆಯ ಕ್ಯಾಲಿಪರ್, ಅದರ ಫೋಟೋ ಕಳಿಸಿ ತುಂಬಾ ಜನ ಕೇಳುತ್ತಾರೆ: "ಬ್ರಿಟಿಷ್ ಫಿರಂಗಿ ದಳದ್ದು, 19ನೇ ಶತಮಾನದ್ದು ಅಂತ ಮಾರುತ್ತಿದ್ದಾರೆ. ಬಾಣದ ಗುರುತೂ ಇದೆ. ಅಸಲಿಯಾ?"

ಬಾಣ ಆಮೇಲೆ. ನಾನು ಮೊದಲು ನೋಡುವುದು ಅದರ ಮೇಲಿನ ಅಳತೆ ಗೆರೆಗಳನ್ನು.

ಆಗ ಫಿರಂಗಿಗಳನ್ನು ಗುಂಡಿನ ತೂಕದಿಂದ ಕರೆಯುತ್ತಿದ್ದರು: 6 ಪೌಂಡರ್, 9 ಪೌಂಡರ್, 24 ಪೌಂಡರ್. ಗುಂಡನ್ನು ತೂಗಬೇಕಿರಲಿಲ್ಲ. ಕ್ಯಾಲಿಪರಿನ ಎರಡು ಕಾಲುಗಳ ನಡುವೆ ಹಿಡಿದರೆ ಎಷ್ಟು ಪೌಂಡಿನದು ಅಂತ ಗೊತ್ತಾಗುತ್ತಿತ್ತು. 4 ಇಂಚು ವ್ಯಾಸದ ಕಬ್ಬಿಣದ ಗುಂಡು 9 ಪೌಂಡ್ ಅನ್ನುವುದು ಗೋಲಂದಾಜರ (ಫಿರಂಗಿ ಹಾರಿಸುವವರ) ಹಳೇ ಲೆಕ್ಕ. ವ್ಯಾಸ ಎರಡು ಪಟ್ಟಾದರೆ ತೂಕ ಎಂಟು ಪಟ್ಟು. ಆ ಲೆಕ್ಕದಲ್ಲಿ 24 ಪೌಂಡಿನ ಗುಂಡು ಸುಮಾರು 5.5 ಇಂಚು.

ಇದನ್ನು ನೀವೇ ಪರೀಕ್ಷೆ ಮಾಡಬಹುದು. ಕಾಲುಗಳ ತುದಿಗಳನ್ನು ಸರಿಯಾಗಿ 4 ಇಂಚು ಅಗಲಿಸಿ. ಗುಂಡಿನ ತೂಕದ ಅಳತೆಪಟ್ಟಿ 9ರ ಹತ್ತಿರ ತೋರಿಸಬೇಕು. ಫಿರಂಗಿ ಬಾಯಿಯ ಅಳತೆಗೆ ಬೇರೆ ಪಟ್ಟಿ ಇರಬಹುದು, ಅದನ್ನು ಇದರ ಜೊತೆ ಬೆರೆಸಬೇಡಿ. ಗುಂಡು ಸಲೀಸಾಗಿ ಒಳಗೆ ಇಳಿಯಬೇಕಲ್ವಾ, ಹಾಗಾಗಿ 9 ಪೌಂಡರ್ ಬಾಯಿ 4.2 ಇಂಚು ಇರುತ್ತಿತ್ತು. ಪೌಂಡಿನ ಗೆರೆಗಳ ಅಂತರವನ್ನೂ ಗಮನಿಸಿ. 1ರಿಂದ 2ಕ್ಕೆ ಇರುವಷ್ಟು ಜಾಗ 23ರಿಂದ 24ಕ್ಕೆ ಇರಲ್ಲ. ಎಲ್ಲಾ ಒಂದೇ ಅಂತರದಲ್ಲಿ ಇದ್ದರೆ ಅದು ಶೋಕೇಸಿಗೆ ಅಂತ ಮಾಡಿದ್ದು. ಅಂಥದ್ದನ್ನು ನಕಲು ಅಂತಲೇ ಹೇಳಿ ಮಾರಿದರೆ ತಪ್ಪಿಲ್ಲ. ಹಳೇದು ಅಂತ ಮಾರಿದರೆ ಮೋಸ.

ಈಗ ಬಾಣ. ಅದು ಬ್ರಿಟಿಷ್ ಸರ್ಕಾರದ ಆಸ್ತಿಯ ಗುರುತು. ಸೈನ್ಯಕ್ಕೆ ಫಿರಂಗಿ, ಮದ್ದುಗುಂಡು ಒದಗಿಸುತ್ತಿದ್ದ ಬೋರ್ಡ್ ಆಫ್ ಆರ್ಡ್ನೆನ್ಸ್ ಇದ್ದಾಗ ಬಾಣದ ಅಕ್ಕಪಕ್ಕ ಬಿ, ಓ ಅಕ್ಷರಗಳು ಬರುತ್ತಿದ್ದವು. 1855ರಲ್ಲಿ ಆ ಬೋರ್ಡ್ ರದ್ದಾಯಿತು. ಆಮೇಲೆ ವಾರ್ ಡಿಪಾರ್ಟ್‌ಮೆಂಟಿನ ಡಬ್ಲ್ಯೂ, ಡಿ ಬಂದವು. 1870ರಲ್ಲಿ ತಯಾರಾಗಿದ್ದು ಅಂತ ಕೆತ್ತಿ, ಪಕ್ಕದಲ್ಲಿ ಬಿ, ಓ ಹಾಕಿದ್ದರೆ ದುಡ್ಡು ಕೊಡಬೇಡಿ. ಎರಡು ಬಾಣ ತುದಿಗೆ ತುದಿ ತಾಗಿದಂತೆ ಇದ್ದರೆ ಅನುಮಾನ ಬೇಡ. ಸೈನ್ಯ ಬೇಡವೆಂದು ಮಾರಿದ ಸಾಮಾನಿಗೆ ಹಾಗೆ ಹೊಡೆಯುತ್ತಿದ್ದರು.

ಭೂತಗನ್ನಡಿ ಹಿಡಿದು ಗುರುತಿನ ಅಂಚು ನೋಡಿ. ಅಚ್ಚಿಟ್ಟು ಸುತ್ತಿಗೆಯಲ್ಲಿ ಹೊಡೆದಾಗ ಲೋಹ ಪಕ್ಕಕ್ಕೆ ಸರಿದು ಸಣ್ಣ ದಿಣ್ಣೆ ಏಳುತ್ತದೆ. ಅಸಲಿ ಸಾಮಾನಿನಿಂದ ಅಚ್ಚು ತೆಗೆದು ಎರಕ ಹೊಯ್ದಿದ್ದರೆ ಅಂಚು ಮೊಂಡಾಗಿ, ತಳ ತರಿತರಿಯಾಗಿ ಕಾಣುತ್ತದೆ. ಪ್ಲಸ್ ಆಕಾರದ ಸ್ಕ್ರೂ ಇದ್ದರೆ ಆ ಸ್ಕ್ರೂ 20ನೇ ಶತಮಾನದ್ದು ಅಥವಾ ಆಮೇಲಿನದು. ಆದರೆ ಒಂದು ಸ್ಕ್ರೂ ರಿಪೇರಿಯಲ್ಲಿ ಬದಲಾಗಿರಬಹುದು, ಅಷ್ಟಕ್ಕೇ ಇಡೀ ಸಾಮಾನನ್ನು ತಳ್ಳಿಹಾಕಬೇಡಿ.

ಸಿಡಿಮದ್ದು ಅಳೆಯುವ ಪಾತ್ರೆ ಅಂತ ಕಬ್ಬಿಣದ್ದನ್ನು ಕೊಟ್ಟರೆ ನಾನಂತೂ ನಂಬಲ್ಲ. ಕಿಡಿ ಹಾರುವ ಭಯಕ್ಕೆ ತಾಮ್ರ, ಹಿತ್ತಾಳೆ ಬಳಸುತ್ತಿದ್ದರು. ಫಿರಂಗಿಗೆ ಬೆಂಕಿ ಕೊಡುವ ತೂತಿನಿಂದ ಮದ್ದಿನ ಚೀಲ ಚುಚ್ಚುವ ಕಡ್ಡಿಯ ವಿಷಯ ಬೇರೆ. ಅದು ಬರೀ ಉಂಗುರ ಇರುವ ತಂತಿ. ಯಾವ ಕಮ್ಮಾರನಾದರೂ ಮಾಡಬಲ್ಲ. ಗುರುತೂ ಇಲ್ಲ, ಎಲ್ಲಿಂದ ಬಂತು ಅನ್ನುವ ಕಾಗದವೂ ಇಲ್ಲ ಅಂದರೆ ಅಂಥದ್ದಕ್ಕೆ ಜಾಸ್ತಿ ಬೆಲೆ ಕೊಡಬೇಡಿ.

ಇನ್ನೊಂದು ಮಾತು. ತೋರಿಸುವ ಮೊದಲು ದಯವಿಟ್ಟು ಹುಣಸೆಹಣ್ಣು ಹಾಕಿ ತಿಕ್ಕಬೇಡಿ. ಸವೆದ ಜಾಗ, ಕಿಲುಬು, ಅಚ್ಚಿನ ಅಂಚು ಎಲ್ಲಾ ಹೋಗಿಬಿಟ್ಟರೆ ನಾನು ಏನನ್ನು ನೋಡಿ ಹೇಳಲಿ?