ಡಿಸ್‌ಚಾರ್ಜ್ ಆದ ದಿನ

ಜೂನ್ 14, 2025, ಶನಿವಾರ
ಮೈಸೂರು, ರಾತ್ರಿ 10.30

ಅವ್ವನಿಗೆ ಇವತ್ತು ಡಿಸ್‌ಚಾರ್ಜ್ ಆಯಿತು. ಜ್ವರ ಅಂತ ಸೇರಿಸಿದ್ದು, ಐದು ದಿನ ಎಳೆಯಿತು. ಬೆಳಿಗ್ಗೆ 9 ಗಂಟೆಗೆ ಡಾಕ್ಟರು ಬಂದು ನೋಡಿ, ಮನೆಗೆ ಕರ್ಕೊಂಡು ಹೋಗಿ ಅಂದರು. ಬಿಲ್ ಕೈಗೆ ಬಂದಿದ್ದು ಮಧ್ಯಾಹ್ನ 2.30ಕ್ಕೆ. ಜ್ವರದಿಂದ ಎದ್ದ ವಯಸ್ಸಾದವರನ್ನು ಅಷ್ಟು ಹೊತ್ತು ಕಾಯಿಸಬಾರದು, ಅದು ನನಗೆ ಈಗಲೂ ಬೇಜಾರಿದೆ. ಆದರೆ ಆ ಐದೂವರೆ ಗಂಟೆಯಲ್ಲಿ ನಾವಿಬ್ಬರೂ ಒಂದು ಇಂಗ್ಲಿಷ್ ಪದದ ಹಿಂದೆ ಬಿದ್ದೆವು. ಅದನ್ನು ಬರೆದಿಡದೆ ಮಲಗೋಕೆ ಮನಸ್ಸಾಗುತ್ತಿಲ್ಲ.

ಶುರು ಮಾಡಿದ್ದು ಅವ್ವ. ಅವಳ ಫೋನು ಆಫ್ ಆಗಿತ್ತು. ‘ಡಿಸ್‌ಚಾರ್ಜ್ ಆಗಿದೆ, ಮನೆಗೆ ಹೋಗಿ ಚಾರ್ಜಿಗೆ ಹಾಕೋಣ’ ಅಂದೆ. ಸ್ವಲ್ಪ ಹೊತ್ತು ಕಿಟಕಿ ಕಡೆ ನೋಡ್ತಾ ಇದ್ದವಳು ತಿರುಗಿ ಕೇಳಿದಳು: ‘ಅಲ್ಲ ಮಗ, ಫೋನು ಡಿಸ್‌ಚಾರ್ಜ್ ಆದ್ರೆ ಸತ್ತೋಯ್ತು ಅಂತೀರಿ. ನಾನು ಡಿಸ್‌ಚಾರ್ಜ್ ಆದ್ರೆ ಹುಷಾರಾದ್ಲು ಅಂತೀರಿ. ಎರಡಕ್ಕೂ ಒಂದೇ ಮಾತು ಹೆಂಗಾಯ್ತದೆ?’

ಅವ್ವ ಓದಿದ್ದು ನಾಲ್ಕನೇ ಕ್ಲಾಸು. ಆದರೂ ಚಾರ್ಜ್ ಅನ್ನೋ ಪದ ಅವಳ ಬಾಯಲ್ಲಿ ದಿನಾ ಓಡಾಡುತ್ತೆ. ಬಸ್ ಚಾರ್ಜ್ ಜಾಸ್ತಿ ಮಾಡಿದ್ರಂತೆ ಅಂತಾಳೆ. ವಾರ್ಡಿನಲ್ಲಿ ಏನಾದರೂ ಬೇಕಾದರೆ ‘ಇನ್‌ಚಾರ್ಜ್ ಸಿಸ್ಟರ್‌ನ ಕರಿ’ ಅಂತಾಳೆ. ಟಿವಿ ನ್ಯೂಸ್ ನೋಡಿ ಲಾಠಿ ಚಾರ್ಜ್, ಚಾರ್ಜ್‌ಶೀಟ್ ಅಂತಾಳೆ. ಇದೆಲ್ಲ ಒಂದೇ ಪದ ಅಂತ ಅವಳಿಗೆ ಇವತ್ತಿನವರೆಗೂ ಅನ್ನಿಸಿರಲಿಲ್ಲ. ನಿಜ ಹೇಳಬೇಕು ಅಂದರೆ ಬಹಳ ವರ್ಷ ನನಗೂ ಅನ್ನಿಸಿರಲಿಲ್ಲ.

ಈ ಪದ ಹುಟ್ಟಿದ್ದು ಗಾಡಿಯಿಂದ. ಲ್ಯಾಟಿನ್‌ನಲ್ಲಿ ಕಾರ್ರುಸ್ ಅಂದರೆ ಗಾಡಿ. ಅದನ್ನೂ ರೋಮನ್ನರು ಗಾಲ್ ಜನರ ಭಾಷೆಯಿಂದ ತಗೊಂಡಿದ್ದು. ಅದರಿಂದ ಕಾರ್ರಿಕಾರೆ ಅಂತ ಒಂದು ಕ್ರಿಯಾಪದ ಬಂತು. ಗಾಡಿಗೆ ಸಾಮಾನು ತುಂಬೋದು ಅಂತ ಅದರ ಅರ್ಥ. ಅದು ಫ್ರೆಂಚಿಗೆ ಹೋಗಿ, ಅಲ್ಲಿಂದ 13ನೇ ಶತಮಾನದ ಹೊತ್ತಿಗೆ ಇಂಗ್ಲಿಷಿಗೆ ಬಂದು ಚಾರ್ಜ್ ಆಯಿತು. ಕಾರು, ಕಾರ್ಗೋ, ಕ್ಯಾರಿ ಎಲ್ಲ ಅದೇ ಬಳಗ. ವ್ಯಂಗ್ಯಚಿತ್ರಕ್ಕೆ ಕ್ಯಾರಿಕೇಚರ್ ಅಂತಾರಲ್ಲ, ಅದೂ ಅಷ್ಟೇ, ಮುಖದ ಮೇಲೆ ಅತಿಯಾಗಿ ತುಂಬಿದ್ದು.

ಇದನ್ನು ಹೇಳ್ತಿದ್ದಂಗೆ ಅವ್ವ ‘ಹೇರೋದು ಅನ್ನು’ ಅಂದಳು. ‘ಕಬ್ಬಿನ ಗಾಡಿ ಹೇರಲ್ವಾ, ಹಂಗೆ.’

ನನಗೆ ಒಂದು ಕ್ಷಣ ಮಾತೇ ಹೊರಡಲಿಲ್ಲ. ನಮ್ಮೂರು ಮಂಡ್ಯದ ಕಡೆ. ಕಬ್ಬು ಹೇರಿದ ಗಾಡಿಗಳು ಸಕ್ಕರೆ ಕಾರ್ಖಾನೆ ಮುಂದೆ ಸಾಲಾಗಿ ನಿಂತಿದ್ದನ್ನು ನೋಡಿಕೊಂಡೇ ಬೆಳೆದವನು ನಾನು. ಚಾರ್ಜ್ ಅನ್ನೋದಕ್ಕೆ ಡಿಕ್ಷನರಿಯಲ್ಲಿ ಶುಲ್ಕ, ಆರೋಪ, ದಾಳಿ, ಹೊಣೆ ಅಂತ ಉದ್ದಕ್ಕೆ ಕೊಟ್ಟಿರ್ತಾರೆ. ಒಂದಕ್ಕೊಂದು ಸಂಬಂಧವೇ ಇಲ್ಲದ ಹಾಗೆ ಕಾಣುತ್ತೆ. ಅವ್ವನ ಒಂದು ಪದ ಇಟ್ಟುಕೊಂಡರೆ ಅಷ್ಟೂ ಒಟ್ಟಿಗೆ ಬಂದು ನಿಲ್ಲುತ್ತೆ. ತೆರಿಗೆ ಹೇರಿದರು ಅಂತೀವಿ. ತಪ್ಪು ಹೊರಿಸಿದರು ಅಂತೀವಿ. ಹೊಣೆ ಹೊತ್ತುಕೊಂಡ ಅಂತೀವಿ. ಆರೋಪ ಅನ್ನೋ ಸಂಸ್ಕೃತದ ಪದದಲ್ಲೂ ಮೇಲೆ ಏರಿಸೋ ಅರ್ಥವೇ ಇದೆ, ಆರೋಹಣದ ನಂಟು ಅದು. ಗಾಡಿ, ಹೊರೆ, ಹೆಗಲು. ಆ ಜನಕ್ಕೂ ನಮ್ಮ ಜನಕ್ಕೂ ದುಡಿಮೆ ಒಂದೇ ತರ ಇತ್ತು, ಅದಕ್ಕೇ ಮಾತೂ ಒಂದೇ ತರ ಹುಟ್ಟಿದೆ ಅನ್ನಿಸುತ್ತೆ ನನಗೆ.

ಹಾಗಾದರೆ ಡಿಸ್‌ಚಾರ್ಜ್ ಅಂದರೆ ಹೇರಿದ್ದನ್ನು ಇಳಿಸೋದು. ಬಂದರಿನಲ್ಲಿ ಹಡಗಿನಿಂದ ಸರಕು ಇಳಿಸೋದಕ್ಕೆ ಇವತ್ತಿಗೂ ಅದೇ ಪದ. ಫೋನಿನಿಂದ ಇಳಿದಿದ್ದು ಕರೆಂಟು, ಅದಕ್ಕೇ ಸತ್ತೋಯ್ತು. ಅವ್ವ ಇಷ್ಟು ದಿನ ಆಸ್ಪತ್ರೆಯವರ ಹೊಣೆಯಲ್ಲಿದ್ದಳು, ಇವತ್ತು ಆ ಹೊಣೆ ಇಳಿಯಿತು. ಅದಕ್ಕೇ ಮನೆಗೆ. ಹೇಳಿದ್ದು ಅವಳಿಗೆ ಸರಿ ಅನ್ನಿಸಿತು, ತಲೆ ಆಡಿಸಿದಳು.

ಆಮೇಲೆ ಅವಳೇ ಅಪ್ಪನ ಮಾತು ತೆಗೆದಳು. ಅಪ್ಪ ನೀರಾವರಿ ಇಲಾಖೆಯಲ್ಲಿ ಕೆಲಸಕ್ಕಿದ್ದವರು. ಮಳೆಗಾಲದಲ್ಲಿ ಕನ್ನಂಬಾಡಿ ಕಟ್ಟೆ 124.80 ಅಡಿಯ ಹತ್ತಿರ ಬರ್ತಿದ್ದಂಗೆ ಮನೆಯಲ್ಲಿ ಮೂರು ಹೊತ್ತೂ ‘ಡಿಸ್‌ಚಾರ್ಜ್ ಎಷ್ಟು ಕ್ಯೂಸೆಕ್ಸ್’ ಅನ್ನೋದೇ ಮಾತು. ಪೇಪರಿನವರು ಹೊರಹರಿವು ಅಂತ ಬರೀತಾರೆ. ಅಪ್ಪನಿಗೆ ಯಾವಾಗಲೂ ಡಿಸ್‌ಚಾರ್ಜೇ. ತುಂಬಿದ ಕಟ್ಟೆ ತನ್ನ ಹೊರೆ ಇಳಿಸ್ತಿದೆ ಅಂತ ಈಗ ಯೋಚಿಸಿದರೆ ಆ ಪದ ಎಷ್ಟು ಸರಿಯಾಗಿ ಕೂರುತ್ತೆ ನೋಡಿ.

ಇನ್ನೊಂದು ಚಾರ್ಜ್ ಕೂಡ ಅಪ್ಪನದೇ. ಸರ್ಕಾರಿ ಆಫೀಸಿನಲ್ಲಿ ಇದ್ದವರ ಮನೆಯವರಿಗೆಲ್ಲ ಗೊತ್ತು, ವರ್ಗವಾದರೆ, ರಿಟೈರ್ ಆದರೆ ‘ಚಾರ್ಜ್ ಕೊಡಬೇಕು’. ಬೀರುವಿನ ಕೀ, ಅಳತೆ ಪುಸ್ತಕ, ಸ್ಟಾಕ್ ರಿಜಿಸ್ಟರು ಎಲ್ಲ ಎಣಿಸಿ ಒಪ್ಪಿಸಿ ಸಹಿ ಹಾಕಿದ ಮೇಲೆ ಬಿಡುಗಡೆ. ಬೇರೆಯವರ ಜಾಗ ನೋಡಿಕೊಳ್ಳೋ ಮೇಷ್ಟರಿಗೆ ಪ್ರಭಾರ ಮುಖ್ಯಶಿಕ್ಷಕ ಅಂತೀವಲ್ಲ, ಆ ಪ್ರಭಾರದ ಒಳಗೇ ಭಾರ ಕೂತಿದೆ. ‘ಚಾರ್ಜ್ ಕೊಟ್ಟು ಬಂದ ದಿನ ನಿಮ್ಮಪ್ಪ ಚಪ್ಪಲಿ ಬಿಟ್ಟು ಜಗಲಿ ಮೇಲೆ ಕೂತ್ಕೊಂಡು ಉಸ್ಸಪ್ಪ ಅಂದ್ರು ಕಣಪ್ಪ’ ಅಂದಳು ಅವ್ವ. ಆಮೇಲೆ ಬಹಳ ಹೊತ್ತು ಇಬ್ಬರೂ ಮಾತಾಡಲಿಲ್ಲ.

ಸಂಜೆ ಅಕ್ಕ ಬಂದಳು, ಮಗಳನ್ನೂ ಕರ್ಕೊಂಡು. ಅವಳು ಈ ವರ್ಷ ಎಸ್ಸೆಸ್ಸೆಲ್ಸಿ. ಅಜ್ಜಿ ಪಕ್ಕ ಕೂತು ಇಂಗ್ಲಿಷ್ ನೋಟ್ಸ್ ತೆಗೆದಳು. ಸಮಾನಾರ್ಥಕ ಪದಗಳ ಪಟ್ಟಿ, ಬಾಯಿಪಾಠ. ಮಧ್ಯಾಹ್ನದ ಕಥೆ ಕೇಳಿದ್ದೇ ತಡ, ಪುಟ ತಿರುಗಿಸಿ ಚಾರ್ಜ್ ತೋರಿಸಿದಳು. ಫೀ, ಅಕ್ಯೂಸ್, ಅಟ್ಯಾಕ್ ಅಂತ ಮೂರು ಪದ ಎದುರಿಗಿದ್ದವು. ಕೆಳಗೆ ಅವಳೇ ಬರೆದ ವಾಕ್ಯ: ‘ದ ಪೊಲೀಸ್ ಅಕ್ಯೂಸ್ಡ್ ಹಿಮ್ ವಿತ್ ಥೆಫ್ಟ್.’ ಟೀಚರು ವಿತ್‌ಗೆ ಕೆಂಪು ಸುತ್ತು ಹಾಕಿದ್ದರು. ಯಾಕೆ ತಪ್ಪು ಅಂತ ಬರೆದಿರಲಿಲ್ಲ.

ಅಕ್ಯೂಸ್ ಆದರೆ ಆಫ್ ಬರಬೇಕು, ಚಾರ್ಜ್ ಆದರೆ ವಿತ್. ಇದನ್ನು ಸುಮ್ನೆ ನೆನಪಿಟ್ಟುಕೋ ಅಂದರೆ ಮಗು ಪರೀಕ್ಷೆ ಮುಗಿದ ಮಾರನೇ ದಿನವೇ ಮರೆಯುತ್ತೆ. ಗಾಡಿಗೆ ಕಬ್ಬು ಹೇರಿದರು ಅನ್ನೋದಕ್ಕೆ ಇಂಗ್ಲಿಷಿನಲ್ಲಿ ಲೋಡೆಡ್ ವಿತ್ ಅಂತಾರಲ್ಲ, ಚಾರ್ಜ್ ಕೂಡ ಹೇರೋ ಪದ, ಅದಕ್ಕೇ ಅದೂ ವಿತ್ ಕೇಳುತ್ತೆ ಅಂದೆ. ಅವಳ ಮುಖ ಅರಳಿತು. ಇನ್ನೂ ಒಂದು ವ್ಯತ್ಯಾಸ ಇದೆ. ಅಕ್ಯೂಸ್ ಯಾರು ಯಾರನ್ನು ಬೇಕಾದರೂ ಮಾಡಬಹುದು, ಪಕ್ಕದ ಮನೆಯವರೂ ಮಾಡಬಹುದು. ಕಳ್ಳತನದಂಥ ಕೇಸಿನಲ್ಲಿ ಚಾರ್ಜ್ ಅಂದರೆ ಕಾನೂನಿನ ಕೆಲಸ. ನಮ್ಮಲ್ಲಿ ಚಾರ್ಜ್‌ಶೀಟ್ ಹಾಕೋದು ಪೊಲೀಸರು, ಅದನ್ನು ನೋಡಿ ಚಾರ್ಜ್ ಫ್ರೇಮ್ ಮಾಡೋದು ಕೋರ್ಟು. ಆಧಾರ ಸಾಲದು ಅನ್ನಿಸಿ ಆ ಹಂತದಲ್ಲೇ ಆರೋಪಿಯನ್ನು ಕೈಬಿಟ್ಟರೆ ಅದಕ್ಕೂ ಡಿಸ್‌ಚಾರ್ಜ್ ಅಂತಲೇ ಹೆಸರು. ವಿಚಾರಣೆ ಪೂರ್ತಿ ನಡೆದು ಖುಲಾಸೆ ಆದರೆ ಮಾತ್ರ ಅಕ್ವಿಟಲ್.

ದುಡ್ಡಿನ ಪದಗಳೂ ಹಾಗೇ, ಒಂದರ ಜಾಗದಲ್ಲಿ ಇನ್ನೊಂದು ಕೂರಲ್ಲ. ಡಾಕ್ಟರಿಗೆ, ವಕೀಲರಿಗೆ, ಸ್ಕೂಲಿಗೆ ಕೊಡೋದು ಫೀ. ರಸ್ತೆಗೆ ಕೊಡೋದು ಟೋಲ್. ನಾವು ಬಸ್ ಚಾರ್ಜ್ ಅನ್ನೋದಕ್ಕೆ ಇಂಗ್ಲಿಷಿನವರು ಫೇರ್ ಅಂತಾರೆ, ಹಳೇ ಇಂಗ್ಲಿಷಿನಲ್ಲಿ ಪ್ರಯಾಣಕ್ಕಿದ್ದ ಪದ ಅದು, ಫೇರ್‌ವೆಲ್‌ನಲ್ಲಿರೋದೂ ಅದೇ. ದಂಡಕ್ಕೆ ಫೈನ್ ಅನ್ನೋದು ಲ್ಯಾಟಿನ್‌ನ ಫೀನಿಸ್‌ನಿಂದ, ಅಂದರೆ ಕೊನೆ. ದುಡ್ಡು ಕಟ್ಟಿ ವ್ಯವಹಾರ ಮುಗಿಸೋದು.

‘ಹಂಗಾರೆ ಕರೆಂಟಿಗೆ ಯಾಕೆ ಚಾರ್ಜ್ ಅಂತಾರೆ?’ ಇದು ಅವ್ವ.

ಅದು ಕೋವಿಯಿಂದ ಬಂದದ್ದು. ಕೋವಿಗೆ ತುಂಬೋ ಮದ್ದಿಗೆ ಇಂಗ್ಲಿಷಿನಲ್ಲಿ ಚಾರ್ಜ್ ಅಂತಿದ್ದರು. 1740ರ ದಶಕದಲ್ಲಿ ವಿದ್ಯುತ್ತನ್ನು ಹಿಡಿದಿಡೋ ಲೇಡನ್ ಜಾಡಿ ಬಂದಾಗ, ಅಮೆರಿಕದ ಬೆಂಜಮಿನ್ ಫ್ರಾಂಕ್ಲಿನ್ ಆ ಮಾತನ್ನು ಜಾಡಿಗೂ ಬಳಸಿದರು. ಮದ್ದು ತುಂಬಿದ ಹಾಗೆ ವಿದ್ಯುತ್ ತುಂಬೋದು. ಅಂಥ ಹಲವು ಜಾಡಿಗಳನ್ನು ಸೇರಿಸಿ ಜೋಡಿಸಿದ್ದಕ್ಕೆ 1749ರಲ್ಲಿ ಅವರು ಇಟ್ಟ ಹೆಸರು ಬ್ಯಾಟರಿ. ಅದು ಅದುವರೆಗೆ ಸಾಲು ಫಿರಂಗಿಗಳ ಹೆಸರಾಗಿತ್ತು. ಸೋದರ ಸೊಸೆ ತನ್ನ ವಿಜ್ಞಾನದ ಪುಸ್ತಕ ತೆಗೆದು ವಿದ್ಯುದಾವೇಶ ಅಂತ ತೋರಿಸಿದಳು. ಆವೇಶ ಅಂದರೆ ಒಳಗೆ ಹೊಕ್ಕೋದು. ಅವ್ವನಿಗೆ ಅದನ್ನು ಬಿಡಿಸಿ ಹೇಳಬೇಕಾಗಲಿಲ್ಲ, ಹಬ್ಬದಲ್ಲಿ ದೇವರು ಮೈಮೇಲೆ ಬರೋದನ್ನು ಕಂಡವಳು. ‘ಅದು ಗಾಡಿಗಿಂತ ಚೆನ್ನಾಗದೆ’ ಅಂದಳು. ನನಗೂ ಹಾಗೇ ಅನ್ನಿಸಿತು.

ಊಟ ಆದ ಮೇಲೆ ಹುಡುಗಿ ಹೊಸ ವಾಕ್ಯ ಬರೆದಳು: ‘ಮೈ ಗ್ರ್ಯಾಂಡ್‌ಮದರ್ ವಾಸ್ ಡಿಸ್‌ಚಾರ್ಜ್ಡ್ ಟುಡೇ.’ ಅಜ್ಜಿ ಕನ್ನಡದಲ್ಲಿ ಹೇಳು ಅಂದಳು. ‘ನಮ್ಮಜ್ಜಿಯನ್ನ ಇವತ್ತು ಬಿಡುಗಡೆ ಮಾಡಿದರು’ ಅಂತ ಓದಿದಳು ಇವಳು.

‘ಬಿಡುಗಡೆ ಯಾಕವ್ವ, ನಾನೇನು ಜೈಲಿನಾಗಿದ್ನಾ? ನಮ್ಮಜ್ಜಿ ಮನೆಗೆ ಬಂದ್ಲು ಅಂತ ಬರಿ’ ಅಂದಳು ಅವ್ವ. ಹುಡುಗಿ ಇಂಗ್ಲಿಷ್ ವಾಕ್ಯದ ಕೆಳಗೆ ಕನ್ನಡದಲ್ಲಿ ಅಷ್ಟನ್ನೇ ಬರೆದಳು.